ಬ್ಯಾಲೆಯೋ, ಅರಮಂಡಿಯೋ: ಡಾನ್ಸ್ ಕಲಿಯಲು ಹೊರಟವರಿಗೆ

ಅಕ್ಕನ ಮಗಳು ತುಮಕೂರಲ್ಲಿ ಪಿಯುಸಿ ಮುಗಿಸಿದ್ದಾಳೆ. ಕಾಂಟೆಂಪರರಿ ಡಾನ್ಸ್, ಅಂದರೆ ಈ ಕಾಲದ ಹೊಸ ಬಗೆಯ ನೃತ್ಯ, ಕಲಿಯಬೇಕಂತೆ. ಬೆಂಗಳೂರು 70 ಕಿ.ಮೀ., ರೈಲಿದೆ. ಯಾವ ಬುನಾದಿಯಿಂದ ಶುರು ಮಾಡಬೇಕು ಅನ್ನೋದೇ ಪ್ರಶ್ನೆ.

ಒಂದು ದಾರಿ ಪಶ್ಚಿಮದ್ದು. ಬ್ಯಾಲೆ ಮೈಯನ್ನು ಮೇಲಕ್ಕೆತ್ತುತ್ತದೆ. ಅಮೆರಿಕದ ನೃತ್ಯಗಾರ್ತಿ ಮಾರ್ಥಾ ಗ್ರಹಾಂ ಅವರ ಪದ್ಧತಿ ಹೊಟ್ಟೆಯನ್ನು ಒಳಕ್ಕೆಳೆದು ಬಿಡುವುದನ್ನು ಕಲಿಸುತ್ತದೆ. ಮೈ ಚೆನ್ನಾಗಿ ಪಳಗುತ್ತದೆ, ಹೊರದೇಶದ ಆಡಿಷನ್‌ಗೂ ಅನುಕೂಲ.

ಇನ್ನೊಂದು ದಾರಿ ನಮ್ಮ ದೇಶದ ನೃತ್ಯ ಸಂಯೋಜಕಿ ಚಂದ್ರಲೇಖಾ ಅವರದು. 1985ರ ‘ಆಂಗಿಕ’ ನೃತ್ಯಕೃತಿಯಲ್ಲಿ ಅವರು ಭರತನಾಟ್ಯ, ಯೋಗ, ಕೇರಳದ ಸಮರಕಲೆ ಕಳರಿಪಯಟ್ಟು ಸೇರಿಸಿದರು. ದೇವರ ಕಥೆ ಬಿಟ್ಟು ಮೈಯನ್ನೇ ಮಾತಾಡಿಸಿದರು. ಭರತನಾಟ್ಯದ ಮೂಲ ನಿಲುವಾದ ಅರಮಂಡಿಯಲ್ಲಿ ಮಂಡಿ ಬಾಗುತ್ತದೆ, ಭಾರ ನೆಲಕ್ಕಿಳಿಯುತ್ತದೆ, ಬರಿಗಾಲು ನೆಲ ತಟ್ಟುತ್ತದೆ. ನಮ್ಮ ಕಡೆ ಜಾತ್ರೆಯ ಸೋಮನ ಕುಣಿತವನ್ನು ಹತ್ತಿರದಿಂದ ನೋಡಿ. ಕೆಂಚರಾಯ ಅನ್ನೋ ಕೆಂಪು ಮುಖದ ಸೋಮ, ದೊಡ್ಡ ಮರದ ಮುಖವಾಡ, ಅದರ ತೂಕಕ್ಕೆ ಕುತ್ತಿಗೆ, ಸೊಂಟ ಎರಡೂ ಲೆಕ್ಕ ಹಾಕಿ ಅಲುಗುತ್ತವೆ. ಇದೂ ತಂತ್ರವೇ ಅಲ್ವಾ? ‘ಜಾನಪದ’ ಅಂತ ಪಕ್ಕಕ್ಕಿಟ್ಟು, ಪಶ್ಚಿಮದ್ದನ್ನು ಮಾತ್ರ ‘ಟೆಕ್ನಿಕ್’ ಅನ್ನುವ ಅಭ್ಯಾಸ ನನಗೆ ನೋವು ಕೊಡುತ್ತದೆ.

ಹಾಗಂತ ಭರತನಾಟ್ಯವನ್ನು ಸುಮ್ನೆ ‘ಶುದ್ಧ’ ಅನ್ನಬೇಡಿ. ಬ್ರಿಟಿಷರ ಕಾಲದಲ್ಲಿ ದೇವದಾಸಿಯರ ಕುಣಿತದ ವಿರುದ್ಧ ನಡೆದ ನಾಚ್ ವಿರೋಧಿ ಚಳವಳಿ, ಆಮೇಲೆ 1947ರ ಮದ್ರಾಸ್ ದೇವದಾಸಿ ಕಾಯ್ದೆ, ಈ ಕುಣಿತವನ್ನು ಉಳಿಸಿಕೊಂಡು ಬಂದ ದೇವದಾಸಿ ಮನೆತನಗಳ ಹೆಣ್ಣುಮಕ್ಕಳನ್ನು ಅವರದೇ ಕುಣಿತದಿಂದ ದೂರ ಮಾಡಿದವು. ಗುರುಗಳು ಇದನ್ನು ಹೇಳಿಕೊಡುತ್ತಾರಾ ಕೇಳಿ.

ಬೇಗ ಹೊರದೇಶಕ್ಕೆ ಹೋಗಬೇಕು ಅಂದರೆ ಮೊದಲನೆಯದು. ಸ್ವಂತ ಕೃತಿ ಕಟ್ಟುವ ಆಸೆಯಿದ್ದರೆ ಎರಡನೆಯದು, ಬ್ಯಾಲೆ ಆಮೇಲೂ ಕಲಿಯಬಹುದು. ನಮ್ಮ ಹುಡುಗಿಗೆ ನಾನು ಎರಡನೆಯದನ್ನೇ ಹೇಳಿದ್ದೇನೆ.