ಗೇನ್ ಪೂರ್ತಿ, ಮಾಸ್ಟರ್ ಕಮ್ಮಿ

ಹಾಸನದಲ್ಲಿ ತಮ್ಮನ ಆರತಕ್ಷತೆಗೆ ಊರಿನದೇ ಒಂದು ಅಂಗಡಿಯಿಂದ ಡಿಜೆ ಸೆಟ್ ತರಿಸಿದ್ದೆವು. ನಾಲ್ಕು ಸ್ಪೀಕರ್, ಎರಡು ಬೇಸ್, ಜೊತೆಗೊಬ್ಬ ಹುಡುಗ. ಬಾಡಿಗೆ 18,000.

ಮೊದಲ ಅರ್ಧ ಗಂಟೆ ಕಿವಿ ಹರಿದುಹೋಯಿತು. ಸೌಂಡ್ ಜಾಸ್ತಿ ಅಂತಲ್ಲ, ಒಡೆದ ಸೌಂಡು. ಹತ್ತಿರ ಹೋಗಿ ನೋಡಿದರೆ ಮಿಕ್ಸರ್ (ಸೌಂಡ್ ಹೊಂದಿಸುವ ಗುಂಡಿಗಳ ಪೆಟ್ಟಿಗೆ) ಮೇಲಿನ, ಸೌಂಡ್ ಮಿತಿ ಮೀರಿದರೆ ಹತ್ತುವ ಕೆಂಪು ದೀಪ ಆರುವುದೇ ಇಲ್ಲ! ಹುಡುಗ ಗೇನ್, ಅಂದರೆ ಹಾಡು ಮಿಕ್ಸರ್ ಒಳಗೆ ಎಷ್ಟು ಜೋರಾಗಿ ಬರಬೇಕೆಂಬ ಗುಂಡಿಯನ್ನು, ಪೂರ್ತಿ ತಿರುಗಿಸಿದ್ದ. "ಮಾಸ್ಟರ್ ಕಮ್ಮಿನೇ ಇದೆಯಲ್ಲ ಅಣ್ಣ" ಅಂದ. ಮಾಸ್ಟರ್ ಅಂದರೆ ಕೊನೆಗೆ ಸ್ಪೀಕರ್‌ಗೆ ಹೋಗುವ ಸೌಂಡಿನ ಗುಂಡಿ. ಎಡವಟ್ಟು ಇರೋದೇ ಅಲ್ಲಿ. ಗೇನ್‌ನಲ್ಲಿ ಒಡೆದದ್ದು ಮಾಸ್ಟರ್ ಇಳಿಸಿದರೆ ಸರಿಹೋಗಲ್ಲ. ಹಾಲು ಒಡೆದ ಮೇಲೆ ಉರಿ ಸಣ್ಣ ಮಾಡಿದ ಹಾಗೆ. ಹೀಗೇ ಬಿಟ್ಟರೆ ಟ್ವೀಟರ್ (ಸ್ಪೀಕರ್‌ನೊಳಗೆ ಕೀರಲು ಸ್ವರ ಕೊಡುವ ಚಿಕ್ಕ ಭಾಗ) ಸುಟ್ಟುಹೋಗುವುದೂ ಉಂಟು.

ಅಂಗಡಿ ಯಜಮಾನರಿಗೆ ಫೋನ್ ಮಾಡಿದೆ. ಹತ್ತೇ ನಿಮಿಷದಲ್ಲಿ ಸ್ಕೂಟರ್‌ನಲ್ಲಿ ಬಂದರು. ಬೇಸ್, ಟ್ರೆಬಲ್ ಗುಂಡಿಗಳನ್ನೆಲ್ಲ ನಡುವಿಗೆ ತಂದರು. ಹಾಡಿನ ಜೋರಾದ ಭಾಗವನ್ನೇ ಹೆಡ್‌ಫೋನಿನಲ್ಲಿ ಹಾಕಿಕೊಂಡು, ಸೌಂಡ್ ಮೀಟರ್ ಸೊನ್ನೆಯ ಹತ್ತಿರ ಕುಣಿಯುವಷ್ಟು ಮಾತ್ರ ಗೇನ್ ಕೊಟ್ಟರು. ಇಲ್ಲಿ ಸೊನ್ನೆ ಅಂದರೆ ಸೌಂಡೇ ಇಲ್ಲ ಅಂತಲ್ಲ, ಸರಿಯಾದ ಮಟ್ಟದ ಗುರುತು. ಜೋರು ಬೇಕಾದದ್ದನ್ನು ಆಮೇಲೆ ಮಾಸ್ಟರ್‌ನಲ್ಲಿ ಏರಿಸಿದರು. ಪ್ರತಿ ಹಾಡಿಗೂ ಗೇನ್ ಮತ್ತೆ ನೋಡುತ್ತಿದ್ದರು. ಹಳೇ ಹಾಡುಗಳ ರೆಕಾರ್ಡಿಂಗ್ ಎಷ್ಟೋ ಸಲ ಮೆತ್ತಗಿರುತ್ತೆ, ಅಲ್ವಾ?

ಅದೇ ಸ್ಪೀಕರ್, ಆದರೆ ತಬಲಾದ ಬೆರಳು ಕೂಡ ಬೇರೆಯಾಗಿ ಕೇಳಿಸಿತು. ನಮ್ಮಜ್ಜಿ ಕಿವಿಯ ಹತ್ತಿ ತೆಗೆದು ಸೀರೆ ಸೆರಗಿಗೆ ಕಟ್ಟಿಕೊಂಡರು.

ರಾತ್ರಿ 10ಕ್ಕೆ ನಿಯಮದಂತೆ ನಿಲ್ಲಿಸಿದರು. ಜನರೇಟರ್‌ಗೆ ಬೇರೆ ದುಡ್ಡು ಕೇಳಿದ್ದು ಮಾತ್ರ ಬೇಜಾರು, ಮೊದಲೇ ಹೇಳಬಹುದಿತ್ತು. ಯಜಮಾನರೇ ಬರುವುದಾದರೆ ಕಣ್ಣುಮುಚ್ಚಿ ಬುಕ್ ಮಾಡಿ. ಹುಡುಗನೊಬ್ಬನೇ ಬಂದರೆ ಕೆಂಪು ದೀಪದ ಮೇಲೆ ಒಂದು ಕಣ್ಣಿಡಿ.