ಕೋಯಾಗ್ಯುಲೇಸ್ ಪರೀಕ್ಷೆಗೆ ಮೊಲದ ಪ್ಲಾಸ್ಮಾ ವಯಲ್: ದಾವಣಗೆರೆಯ ಸಣ್ಣ ಲ್ಯಾಬ್‌ಗಳು ಕೊಳ್ಳಬೇಕೇ?

ಕೊಳ್ಳಲೇಬೇಕು. ಸ್ಯಾಂಪಲ್‌ನಲ್ಲಿ ಬೆಳೆದ ಸ್ಟ್ಯಾಫಿಲೋಕಾಕಸ್ (ಸ್ಟ್ಯಾಫ್) ಬ್ಯಾಕ್ಟೀರಿಯಾ ‘ಆರಿಯಸ್’ ಜಾತಿಯದೇ ಎಂದು, ಅದು ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುತ್ತದೆಯೇ ನೋಡಿ ಗುರುತಿಸುವುದೇ ಕೋಯಾಗ್ಯುಲೇಸ್ ಪರೀಕ್ಷೆ. ಪಿ.ಟಿ. (ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ) ಪರೀಕ್ಷೆಗೆ ಬಂದ ಸ್ಯಾಂಪಲ್‌ನಲ್ಲಿ ಮಿಕ್ಕ ಪ್ಲಾಸ್ಮಾ ಪುಕ್ಕಟೆ ಸಿಗುತ್ತದೆಂದು ಅದರಲ್ಲೇ ಕೋಯಾಗ್ಯುಲೇಸ್ ಮುಗಿಸುವುದು ತಪ್ಪು. ಮನುಷ್ಯರ ಪ್ಲಾಸ್ಮಾದಲ್ಲಿ ಸ್ಟ್ಯಾಫ್ ವಿರುದ್ಧದ ಪ್ರತಿಕಾಯಗಳು ಇರಬಹುದು, ಫೈಬ್ರಿನೋಜನ್ ಒಬ್ಬೊಬ್ಬರಿಗೆ ಒಂದೊಂದು ಥರ, ಜತೆಗೆ ಹೆಪಟೈಟಿಸ್, ಎಚ್‌ಐವಿ ಅಪಾಯ.

ಈಗ ಸಿಗುವ ವಯಲ್‌ಗಳಲ್ಲಿ ಎರಡು ಬಗೆ: ಸಿಟ್ರೇಟ್ ಹಾಕಿದ್ದು, ಇಡಿಟಿಎ ಹಾಕಿದ್ದು. ಎರಡೂ ಕ್ಯಾಲ್ಸಿಯಂ ಹಿಡಿದಿಟ್ಟು ಪ್ಲಾಸ್ಮಾ ತಾನಾಗಿ ಹೆಪ್ಪುಗಟ್ಟದಂತೆ ತಡೆಯುತ್ತವೆ. ಇಡಿಟಿಎ ವಯಲನ್ನೇ ಕೇಳಿ ತರಿಸಿ. ಎಂಟೆರೊಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾ ಸಿಟ್ರೇಟನ್ನು ತಿಂದುಹಾಕುತ್ತವೆ. ಕ್ಯಾಲ್ಸಿಯಂ ಬಿಡುಗಡೆಯಾಗಿ ಕೋಯಾಗ್ಯುಲೇಸ್ ಇಲ್ಲದೆಯೇ ಪ್ಲಾಸ್ಮಾ ಹೆಪ್ಪುಗಟ್ಟುತ್ತದೆ. ರಿಪೋರ್ಟ್‌ನಲ್ಲಿ ‘ಸ್ಟ್ಯಾಫ್ ಆರಿಯಸ್’ ಎಂದು ಹೋದರೆ ವೈದ್ಯರು ಸೆಫಜೋಲಿನ್ ಎಂಬ ಸೆಫಲೋಸ್ಪೋರಿನ್ ಆಂಟಿಬಯೋಟಿಕ್ ಬರೆಯಬಹುದು. ಎಂಟೆರೊಕಾಕಸ್‌ಗೆ ಸೆಫಲೋಸ್ಪೋರಿನ್‌ಗಳು ನಾಟುವುದೇ ಇಲ್ಲ. ಕೆಟಲೇಸ್ ಪರೀಕ್ಷೆ ಮೊದಲು ಮಾಡಿ ಎನ್ನುವುದೂ ಇದಕ್ಕೇ; ಸ್ಟ್ಯಾಫ್ ಗುಳ್ಳೆ ಎಬ್ಬಿಸುತ್ತದೆ, ಎಂಟೆರೊಕಾಕಸ್ ಎಬ್ಬಿಸುವುದಿಲ್ಲ. ಬೇಕಾದದ್ದು: 3% ಹೈಡ್ರೋಜನ್ ಪೆರಾಕ್ಸೈಡ್, ಕಾಲೊನಿ ಎತ್ತಲು ಮರದ ಕಡ್ಡಿ ಅಥವಾ ಗಾಜಿನ ಕಡ್ಡಿ. ನೈಕ್ರೋಮ್ ಲೂಪ್ ತಾನೇ ಗುಳ್ಳೆ ಎಬ್ಬಿಸುತ್ತದೆ. ಬ್ಲಡ್ ಅಗಾರ್‌ನಿಂದ ಎತ್ತುವಾಗ ರಕ್ತ ತಾಗಿದರೂ ಗುಳ್ಳೆ ಬರುತ್ತದೆ. ಕೆಟಲೇಸ್ ನೆಗೆಟಿವ್ ಆದರೆ ಈ ವಯಲ್ ಮುಟ್ಟಬೇಡಿ. ಅದು ಸ್ಟ್ರೆಪ್ಟೊಕಾಕಸ್, ಎಂಟೆರೊಕಾಕಸ್ ಗುರುತಿಸುವ ಬ್ಯಾಸಿಟ್ರಾಸಿನ್, ಆಪ್ಟೋಚಿನ್, ಬೈಲ್ ಎಸ್ಕುಲಿನ್ ಪರೀಕ್ಷೆಗಳ ದಾರಿ.

3 ಮಿ.ಲೀ. ವಯಲ್‌ಗೆ ಅದರ ಪುಡಿ ಕರಗಲು 3 ಮಿ.ಲೀ. ಸ್ಟೆರೈಲ್ ಡಿಸ್ಟಿಲ್ಡ್ ವಾಟರ್ ಹಾಕಿ, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ. ಕುಲುಕಬೇಡಿ. ಟ್ಯೂಬಿಗೆ 0.5 ಮಿ.ಲೀ.ನಂತೆ ಆರು ಪರೀಕ್ಷೆ ಆಗುತ್ತವೆ. ಸಣ್ಣ ಲ್ಯಾಬ್‌ಗೆ ದಿನಕ್ಕೆ ಆರು ಬೇಕಾಗುವುದಿಲ್ಲ, ಈ ಉತ್ಪನ್ನದ ದೊಡ್ಡ ಕೊರತೆ ಇದೇ. ಕಲಸಿದ ಕೂಡಲೇ ಆರು ಪಾಲು ಮಾಡಿ ಮೈನಸ್ 20 ಡಿಗ್ರಿಯಲ್ಲಿ ಇಟ್ಟು, ವಯಲ್ ಜತೆಗಿನ ಚೀಟಿಯಲ್ಲಿ ಹೇಳಿದ ಅವಧಿಯೊಳಗೆ ಮುಗಿಸಿ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬಾರದು. ಆಗಾಗ ಕರೆಂಟ್ ಹೋಗುವ ಕಡೆ ಈ ಮಾತು ಗೋಡೆಗೆ ಅಂಟಿಸುವಂಥದ್ದು.

ಪರೀಕ್ಷೆ ಎರಡು ಬಗೆ, ಸ್ಲೈಡ್ ಮತ್ತು ಟ್ಯೂಬ್. ಸ್ಲೈಡ್‌ನಲ್ಲಿ: ಸಲೈನ್‌ನಲ್ಲಿ ಕಾಲೊನಿಯನ್ನು ಗಟ್ಟಿಯಾಗಿ ಕಲಸಿ ಎರಡು ಬೊಟ್ಟು ಇಡಿ. ಒಂದಕ್ಕೆ ಮಾತ್ರ ಪ್ಲಾಸ್ಮಾ. 10 ಸೆಕೆಂಡಿನೊಳಗೆ ಕಾಳುಕಾಳಾದರೆ ಪಾಸಿಟಿವ್. ಪ್ಲಾಸ್ಮಾ ಹಾಕದ ಬೊಟ್ಟೂ ಕಾಳುಗಟ್ಟಿದರೆ ಫಲಿತಾಂಶ ಬಿಡಿ. ಮ್ಯಾನಿಟಾಲ್ ಸಾಲ್ಟ್ ಅಗಾರ್‌ನ ಕಾಲೊನಿಗಳಲ್ಲಿ ಹೀಗಾಗುತ್ತದೆ. ಸ್ಲೈಡ್ ನೆಗೆಟಿವ್ ಬಂತೆಂದು ಆರಿಯಸ್ ಇಲ್ಲ ಎಂದು ಬರೆಯಬೇಡಿ, ಟ್ಯೂಬ್ ಮಾಡಿ.

ಟ್ಯೂಬ್‌ಗೆ ಎರಡು-ಮೂರು ಕಾಲೊನಿ ಕಲಸಿ 37 ಡಿಗ್ರಿಯಲ್ಲಿಟ್ಟು ಗಂಟೆಗೊಮ್ಮೆ ನೋಡಿ. ಟ್ಯೂಬನ್ನು ನಿಧಾನ ಓರೆ ಮಾಡಿದರೆ ಸಾಕು: ಪಾಸಿಟಿವ್ ಆದದ್ದು ಗಿಣ್ಣಿನ ಹಾಗೆ ತಳಕ್ಕೆ ಕಚ್ಚಿ ನಿಲ್ಲುತ್ತದೆ, ಒಮ್ಮೊಮ್ಮೆ ನೀರಿನಲ್ಲಿ ತೇಲುವ ಸಣ್ಣ ಎಳೆಯಷ್ಟೇ ಕಾಣುತ್ತದೆ. ಅದೂ ಪಾಸಿಟಿವ್. ನಾಲ್ಕು ಗಂಟೆಯವರೆಗೆ ನೋಡದೆ ಮರುದಿನ ಬೆಳಿಗ್ಗೆ ಮಾತ್ರ ನೋಡುವವರು ಮೋಸಹೋಗುತ್ತಾರೆ; ಕೆಲವು ತಳಿಗಳ ಸ್ಟ್ಯಾಫಿಲೋಕೈನೇಸ್ ಅಷ್ಟರಲ್ಲಿ ಗಡ್ಡೆಯನ್ನು ಕರಗಿಸಿರುತ್ತದೆ. ನಾಲ್ಕು ಗಂಟೆಗೂ ಗಟ್ಟಿಯಾಗದಿದ್ದರೆ 24 ಗಂಟೆಗೆ ಮತ್ತೆ ನೋಡಿ. ಪ್ರತಿ ಹೊಸ ವಯಲ್‌ಗೆ ಕಂಟ್ರೋಲ್ ತಳಿಗಳಾದ ಎಟಿಸಿಸಿ 25923 (ಆರಿಯಸ್) ಪಾಸಿಟಿವ್, 12228 (ಎಪಿಡರ್ಮಿಡಿಸ್) ನೆಗೆಟಿವ್ ಬರಲೇಬೇಕು.

ಟ್ಯೂಬ್ ಪಾಸಿಟಿವ್ ಆದರೆ ಮುಂದಿನ ಪ್ರಶ್ನೆ ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಆರಿಯಸ್): 30 ಮೈಕ್ರೋಗ್ರಾಂ ಸೆಫಾಕ್ಸಿಟಿನ್ ಡಿಸ್ಕ್, ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ 21 ಮಿ.ಮೀ. ಅಥವಾ ಕಡಿಮೆ ಇದ್ದರೆ ಕ್ಲಾಕ್ಸಾಸಿಲಿನ್ ಕೆಲಸಕ್ಕೆ ಬರದು. ನೆಗೆಟಿವ್ ಆದದ್ದನ್ನೂ ಕಸದ ಬುಟ್ಟಿಗೆ ಹಾಕುವ ಮೊದಲು ಸ್ಯಾಂಪಲ್ ಯಾವುದು ನೋಡಿ. ಹರೆಯದ ಹೆಣ್ಣುಮಕ್ಕಳ ಮೂತ್ರವಾದರೆ 5 ಮೈಕ್ರೋಗ್ರಾಂ ನೊವೊಬಯೋಸಿನ್ ಡಿಸ್ಕ್ ಇಡಿ, ನಿರೋಧಕವಾಗಿದ್ದರೆ ಮೂತ್ರದ ಸೋಂಕು ತರುವ ಸ್ಟ್ಯಾಫ್ ಸ್ಯಾಪ್ರೊಫೈಟಿಕಸ್ ಇರಬಹುದು. ಸ್ಲೈಡ್ ಪಾಸಿಟಿವ್, ಟ್ಯೂಬ್ ನೆಗೆಟಿವ್, ಪಿವೈಆರ್ (ಒಂದು ಕಿಣ್ವ ಪರೀಕ್ಷೆ) ಪಾಸಿಟಿವ್ ಎಂದರೆ ಸ್ಟ್ಯಾಫ್ ಲುಗ್ಡುನೆನ್ಸಿಸ್ ಅನುಮಾನಿಸಿ. ರಕ್ತದಲ್ಲಿ ಅದು ಸಿಕ್ಕರೆ ಹೃದಯದ ಕವಾಟವನ್ನೇ ಹಾಳುಮಾಡಬಲ್ಲದು. ಫೋನ್ ಮಾಡಿ ವೈದ್ಯರಿಗೆ ತಿಳಿಸುವಷ್ಟು ಗಂಭೀರ.

ಪ್ಯಾಕಿಂಗ್ ವಿಷಯದಲ್ಲಿ ಅಂಕ ಕಡಿಮೆ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಸಾಮಾನಿನ ಡಬ್ಬಿಯ ಮೇಲೆ ಉಷ್ಣತೆ ತೋರಿಸುವ ಚೀಟಿಯೇ ಇರುವುದಿಲ್ಲ. ಏಪ್ರಿಲ್-ಮೇ ಬಿಸಿಲಲ್ಲಿ ಬೆಂಗಳೂರಿನಿಂದ ತರಿಸುವವರು ರಾತ್ರಿ ಬಸ್ಸಿಗೇ ಹಾಕಿಸಿ, ಬೆಳಿಗ್ಗೆ ತಡಮಾಡದೆ ಬಿಚ್ಚಿ. ಐಸ್‌ಪ್ಯಾಕ್ ಬೆಚ್ಚಗಾಗಿದ್ದರೆ, ಪುಡಿ ಮುದುಡಿ ಕಂದಾಗಿದ್ದರೆ ವಾಪಸ್ ಕಳಿಸಿ. ನೀರು ಹಾಕಿದ ಮೇಲೆ ಎಳೆಎಳೆಯಾಗಿ ಕಂಡ ವಯಲನ್ನು ಕಂಟ್ರೋಲ್‌ಗೂ ಬಳಸಬೇಡಿ.