ಪ್ರೋಗ್ರಾಮಿಂಗ್ ಕಲಿಯಲು ನಾನು ಬಳಸಿದ ಮೂರು ಉಚಿತ ಪಾಠಸರಣಿಗಳು

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಯಲ್ಲೂ ಕಂಪ್ಯೂಟರ್ ವಿಷಯ ತೆಗೆದುಕೊಳ್ಳದಿದ್ದ ನಾನು ನಲವತ್ತು ದಾಟಿದ ಮೇಲೆ ಪ್ರೋಗ್ರಾಮಿಂಗ್ ಕಲಿಯಲು ಹೊರಟದ್ದು, ಪ್ರತಿ ಪರೀಕ್ಷೆಯ ನಂತರ ಅಂಕಪಟ್ಟಿಯನ್ನು ಕೈಯಿಂದ ಬರೆದು ಕೂಡಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕೆಂಬ ಆಸೆಯಿಂದ. ಮೊದಲು ಜಿಲ್ಲಾ ಕೇಂದ್ರದ ಒಂದು ತರಬೇತಿ ಸಂಸ್ಥೆಗೆ ಶುಲ್ಕ ಕಟ್ಟಿ, ಮೂರು ತಿಂಗಳು ಶನಿವಾರದ ಮಧ್ಯಾಹ್ನಗಳಲ್ಲಿ ಹೋಗಿ ಬಂದೆ. ಬೋರ್ಡಿನ ಮೇಲೆ ಬರೆದ ಪ್ರೋಗ್ರಾಮುಗಳನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುವುದೇ ಅಲ್ಲಿನ ಪಾಠವಾಗಿತ್ತು. ಕೊನೆಗೆ ಪ್ರಮಾಣಪತ್ರ ಕೈಗೆ ಬಂದಿತು. ಆದರೆ ಖಾಲಿ ಪರದೆಯ ಮುಂದೆ ಕುಳಿತು ಹತ್ತು ಸಂಖ್ಯೆಗಳ ಸರಾಸರಿ ತೆಗೆಯುವ ಪ್ರೋಗ್ರಾಮನ್ನು ಸ್ವತಃ ಬರೆಯಲು ಬರಲಿಲ್ಲ. ಮೇಷ್ಟರು ಬಿಡಿಸಿದ ಲೆಕ್ಕವನ್ನು ನೋಡಿದ್ದರಿಂದಲೇ ಲೆಕ್ಕ ಬಂದಿತೆಂದು ನಂಬುವ ಮಕ್ಕಳನ್ನು ನಾನು ದಿನವೂ ಕಾಣುತ್ತೇನೆ. ನನ್ನ ಸ್ಥಿತಿಯೂ ಅದೇ ಆಗಿತ್ತು.

ಆದ್ದರಿಂದ ಆನಂತರ ಯಾವ ಪಾಠಸರಣಿಯನ್ನು ಹಿಡಿದರೂ ನಾನು ಮೊದಲು ಕೇಳಿಕೊಂಡ ಪ್ರಶ್ನೆ ಒಂದೇ: ನಾನು ಬರೆದದ್ದು ತಪ್ಪಾದಾಗ, ಅದು ತಪ್ಪೆಂದು ನನಗೆ ಎಷ್ಟು ಬೇಗ, ಎಷ್ಟು ವಿವರವಾಗಿ ತಿಳಿಯುತ್ತದೆ? ಇಲ್ಲಿ ಹೇಳುವ ಮೂರೂ ಸರಣಿಗಳನ್ನು ಈ ಪ್ರಶ್ನೆಯಿಂದಲೇ ತೂಗಿದ್ದೇನೆ.

ಮೊದಲನೆಯದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ಇಲ್ಲಿನ ವಿಡಿಯೊ ಪಾಠಗಳು ಹತ್ತು ನಿಮಿಷದ ಆಸುಪಾಸಿನವು. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸರಣಿಯನ್ನು ನಾನು ಕನ್ನಡ ಧ್ವನಿಯಲ್ಲೇ ಕೇಳಿದೆ. ಪರದೆಯ ಮೇಲಿನ ಬರಹ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಪರದೆಯ ಒಂದು ಅರ್ಧದಲ್ಲಿ ಪಾಠವನ್ನು ಇಟ್ಟುಕೊಂಡು, ಇನ್ನೊಂದು ಅರ್ಧದಲ್ಲಿ ಅದನ್ನೇ ಮಾಡುತ್ತ ಹೋಗಬೇಕೆಂಬುದು ಅವರೇ ಸೂಚಿಸುವ ಕ್ರಮ, ಮತ್ತು ಅದನ್ನು ತಪ್ಪದೆ ಪಾಲಿಸಿದವರಿಗೆ ಮಾತ್ರ ಈ ಪಾಠಗಳು ದಕ್ಕುತ್ತವೆ. ಸಿ ಭಾಷೆಯ ಮೊದಲ ಪಾಠದಲ್ಲಿಯೇ ಪ್ರೋಗ್ರಾಮನ್ನು ಬರೆದು, ಕಂಪೈಲ್ ಮಾಡಿ (ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ತಿರುಗಿಸಿ), ನಡೆಸಿ ತೋರಿಸಿದ ಮೇಲೆ ಸಾಮಾನ್ಯವಾಗಿ ಆಗುವ ತಪ್ಪುಗಳನ್ನೂ ಅವುಗಳ ಪರಿಹಾರವನ್ನೂ ತೋರಿಸುತ್ತಾರೆ. ದೋಷದ ಸಂದೇಶ ಕಂಡರೆ ಗಾಬರಿಯಾಗುತ್ತಿದ್ದ ನನಗೆ, ಅದು ಬೈಗುಳವಲ್ಲ, ಎಷ್ಟನೆಯ ಸಾಲಿನಲ್ಲಿ ನೋಡಬೇಕೆಂಬ ಸೂಚನೆ ಎಂದು ನನ್ನ ಭಾಷೆಯಲ್ಲಿ ಮೊದಲು ಹೇಳಿದ್ದು ಈ ಪಾಠವೇ. ಆ ಉಪಕಾರ ದೊಡ್ಡದು.

ಕೊರತೆಗಳೂ ಇವೆ. ಆ ಪಾಠ ಧ್ವನಿಮುದ್ರಣವಾದದ್ದು ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯ 11.10 ಆವೃತ್ತಿಯ ಮೇಲೆ, ಅಂದರೆ 2011ರ ತಂತ್ರಾಂಶದಲ್ಲಿ. ಸಿ ಭಾಷೆಯ ಲೂಪು, ಫಂಕ್ಷನ್ನುಗಳು ಅಂದಿನಂತೆ ಇಂದೂ ಇರುವುದರಿಂದ ಕಲಿಕೆಗೆ ಅಡ್ಡಿಯಿಲ್ಲ, ಆದರೆ ಪರದೆಯ ಗುಂಡಿಗಳು ನಮ್ಮ ಗಣಕದಲ್ಲಿರುವಂತೆ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪಾಠದ ಕೊನೆಯಲ್ಲಿ ಕೊಡುವ ಅಭ್ಯಾಸವನ್ನು ನಾವು ಮಾಡಿದರೆ ಅದು ಸರಿಯೇ ಎಂದು ನೋಡಿ ಹೇಳುವವರಿಲ್ಲ. ಪಾಠದ ಎಷ್ಟನೆಯ ನಿಮಿಷದಲ್ಲಿ ಸಂದೇಹ ಬಂದಿತೆಂದು ನಮೂದಿಸಿ ಪ್ರಶ್ನೆ ಕೇಳುವ ಅನುಕೂಲವಿದೆ ನಿಜ, ಆದರೆ ತನ್ನ ಉತ್ತರ ತಪ್ಪೆಂದೇ ಅರಿಯದವನು ಏನೆಂದು ಕೇಳಿಯಾನು?

ಎರಡನೆಯದು, ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್ ಅವರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಬಳಸಿ ನಡೆಸುವ ಎಂಟು ವಾರಗಳ ಪಾಠ. ಮೊದಲ ಪಾಠ ಮಹತ್ತಮ ಸಾಮಾನ್ಯ ಅಪವರ್ತನದಿಂದ ಆರಂಭವಾಗುತ್ತದೆ: ಎಲ್ಲ ಅಪವರ್ತನಗಳನ್ನೂ ಪಟ್ಟಿ ಮಾಡುವ ದಡ್ಡ ವಿಧಾನದಿಂದ ಹೊರಟು, ಹಂತಹಂತವಾಗಿ ಯೂಕ್ಲಿಡನ ವಿಧಾನಕ್ಕೆ ತಲುಪುತ್ತಾರೆ. ಇಪ್ಪತ್ತು ವರ್ಷಗಳಿಂದ ನಾನು ಕಲಿಸುತ್ತಿರುವ ಸಂಗತಿಯನ್ನು ಅಷ್ಟು ಸೊಗಸಾಗಿ ಬಿಡಿಸಿಟ್ಟದ್ದನ್ನು ನೋಡಿ ನನಗೆ ಸಂತೋಷವಾಯಿತು. ಪ್ರತಿ ವಾರ ಗಡುವು ಇರುತ್ತದೆ, ನಾವು ಬರೆದ ಪ್ರೋಗ್ರಾಮನ್ನು ಯಂತ್ರವೇ ಪರೀಕ್ಷಿಸಿ ಅಂಕ ಕೊಡುತ್ತದೆ. ಪಾಠ ಉಚಿತ, ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು, ಅದಕ್ಕೆ ನಾನು 1000 ರೂಪಾಯಿ ಕಟ್ಟಿದೆ. ಗಣಿತದ ಹಿನ್ನೆಲೆ ಇಲ್ಲದ, ಒಂದು ಸಾಲು ಕೋಡನ್ನೂ ಬರೆಯದ ವ್ಯಕ್ತಿಗೆ ಇದನ್ನು ಮೊದಲ ಪಾಠವಾಗಿ ನಾನು ಸೂಚಿಸಲಾರೆ. ಓಟ ಬಹಳ ವೇಗದ್ದು.

ಮೂರನೆಯದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50, ಅಂದರೆ ಕಂಪ್ಯೂಟರ್ ವಿಜ್ಞಾನದ ಆರಂಭಿಕ ಪಾಠಸರಣಿ. ಡೇವಿಡ್ ಮೇಲನ್ ಅವರು ಪಾಠ ಹೇಳುತ್ತಾರೆ. ದೂರವಾಣಿ ಪುಸ್ತಕವನ್ನು ಅರ್ಧಕ್ಕೆ ಹರಿದು, ಉಳಿದ ಅರ್ಧವನ್ನು ಮತ್ತೆ ಹರಿದು, ಹುಡುಕುವ ಕೆಲಸ ಹೇಗೆ ಚುರುಕಾಗುತ್ತದೆಂದು ಅವರು ತೋರಿಸುವ ದೃಶ್ಯ ಬಹಳ ಪ್ರಸಿದ್ಧ. ಮಾತು ವೇಗದ ಇಂಗ್ಲಿಷ್. ವೇಗವನ್ನು ಮುಕ್ಕಾಲಿಗೆ ಇಳಿಸಿ, ಕೆಳಗಿನ ಅಕ್ಷರಗಳನ್ನು ಓದುತ್ತ ಕೇಳಿದೆ. ಎರಡು ಗಂಟೆಗೂ ಮೀರುವ ಒಂದೊಂದು ಉಪನ್ಯಾಸಕ್ಕೆ ನನಗೆ ಮೂರು ಸಂಜೆ ಬೇಕಾಯಿತು.

ಆದರೂ ನನಗೆ ಪ್ರೋಗ್ರಾಮಿಂಗ್ ಬಂದದ್ದು ಇದರಿಂದಲೇ ಎಂದು ಹೇಳಲು ಹಿಂಜರಿಯುವುದಿಲ್ಲ, ಮತ್ತು ಅದಕ್ಕೆ ಕಾರಣ ಉಪನ್ಯಾಸಗಳಲ್ಲ, ಮನೆಯಲ್ಲಿ ಮಾಡಲು ಕೊಡುವ ಅಭ್ಯಾಸಗಳು. ಕೋಡನ್ನು ಬ್ರೌಸರಿನಲ್ಲಿಯೇ ಬರೆದು 'ಚೆಕ್50' ಎಂಬ ಆದೇಶ ಕೊಟ್ಟರೆ, ಆ ಪ್ರೋಗ್ರಾಮನ್ನು ಹಲವು ಉದಾಹರಣೆಗಳ ಮೇಲೆ ನಡೆಸಿ, ಸರಿಯಾದವಕ್ಕೆ ಹಸಿರಿನಲ್ಲಿ ನಗುಮುಖವನ್ನೂ ತಪ್ಪಿದವಕ್ಕೆ ಕೆಂಪಿನಲ್ಲಿ ಸಪ್ಪೆಮುಖವನ್ನೂ ತೋರಿಸುತ್ತದೆ. ಯಾವ ಉತ್ತರ ಬರಬೇಕಿತ್ತು, ನಿಮ್ಮದರಿಂದ ಯಾವುದು ಬಂತು ಎಂಬುದನ್ನೂ ಹೇಳುತ್ತದೆ. ಸರಿಯುತ್ತರವನ್ನು ಮಾತ್ರ ಬರೆದುಕೊಡುವುದಿಲ್ಲ. ಒಳ್ಳೆಯ ಶಿಕ್ಷಕ ಮಗುವಿನ ಪಕ್ಕದಲ್ಲಿ ನಿಂತು ಬೆರಳಿಟ್ಟು ತೋರಿಸಿ ಸುಮ್ಮನಾಗುವಂತೆ ಇದು. ಒಂದು ಅಭ್ಯಾಸದಲ್ಲಿ, ಅಳಿಸಿಹೋದ ಮೆಮೊರಿ ಕಾರ್ಡಿನ ನಕಲನ್ನು 512 ಬೈಟುಗಳ (ಬೈಟು ಎಂದರೆ ಸ್ಮೃತಿಯನ್ನು ಅಳೆಯುವ ಸಣ್ಣ ಘಟಕ) ತುಂಡುಗಳಾಗಿ ಓದುತ್ತ ಹೋಗಿ, ಪ್ರತಿ ಚಿತ್ರ ಎಲ್ಲಿ ಶುರುವಾಗುತ್ತದೆಂದು ಗುರುತಿಸಿ, 50 ಛಾಯಾಚಿತ್ರಗಳನ್ನು ಮರಳಿ ಪಡೆಯಬೇಕು. ನಾಲ್ಕು ರಾತ್ರಿ ಹೆಣಗಿದೆ. ಐದನೆಯ ರಾತ್ರಿ ಮೊದಲ ಚಿತ್ರ ತೆರೆದುಕೊಂಡಾಗ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ನನ್ನ ಅಂಕಪಟ್ಟಿಗೆ ಬಂದರೆ, ಅಲ್ಲಿ ಮೂರೂ ಪಾಠಗಳು ನನಗೆ ಮೊದಲೇ ಹೇಳದಿದ್ದ ಒಂದು ತೊಡಕು ಎದುರಾಯಿತು. ಹೆಸರುಗಳ ಮುಂದೆ ಖಾಲಿ ಜಾಗ ತುಂಬಿಸಿ ಕಂಬಸಾಲುಗಳನ್ನು ನೇರ ಮಾಡಲು ಹೊರಟರೆ ಕನ್ನಡದ ಹೆಸರುಗಳು ಸಾಲು ತಪ್ಪುತ್ತಿದ್ದವು. 'ಕನ್ನಡ' ಎಂಬ ಪದದಲ್ಲಿ ನಮಗೆ ಕಾಣುವುದು ಮೂರು ಅಕ್ಷರ. ಪೈಥಾನ್ ಅದರ ಉದ್ದವನ್ನು 5 ಎನ್ನುತ್ತದೆ, ಏಕೆಂದರೆ ಒತ್ತಕ್ಷರದ ನಡುವೆ ಇರುವ ಅರ್ಧಾಕ್ಷರದ ಗುರುತನ್ನೂ (್) ಒತ್ತನ್ನೂ ಅದು ಬೇರೆಬೇರೆಯಾಗಿ ಎಣಿಸುತ್ತದೆ; ಸಿ ಭಾಷೆಯಲ್ಲಿ ಪದದ ಉದ್ದವನ್ನು ಬೈಟುಗಳಲ್ಲಿ ಅಳೆಯುವ ಸ್ಟ್ರಲೆನ್ (strlen) 15 ಎನ್ನುತ್ತದೆ, ಏಕೆಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟು ಬೇಕು. ಇಂಗ್ಲಿಷ್ ಉದಾಹರಣೆಗಳಿಂದಷ್ಟೇ ಕಲಿತವರಿಗೆ ಈ ವ್ಯತ್ಯಾಸ ಎಂದೂ ಕಣ್ಣಿಗೆ ಬೀಳದೆ ಹೋಗಬಹುದು. ಆದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದೇ ಬೈಟು ಸಾಲದು, ಸ್ಮೃತಿಯಲ್ಲಿ ಬೈಟುಗಳು ಒಂದರ ಪಕ್ಕ ಒಂದು ಕುಳಿತಿರುತ್ತವೆ ಎಂದು ಸಿಎಸ್50ರ ಮೊದಲ ವಾರಗಳಲ್ಲಿ ಕೈಯಾರೆ ಮಾಡಿ ತಿಳಿದಿದ್ದರಿಂದಲೇ ಕಾರಣವನ್ನು ನಾನೇ ಹುಡುಕಿಕೊಳ್ಳಲು ಸಾಧ್ಯವಾಯಿತು. ಪರಿಹಾರ ಸಿಕ್ಕಿದ್ದು ಅದೇ ಸರಣಿಯಲ್ಲಿ, ಜಾಲಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ವಾರದಲ್ಲಿ. ಖಾಲಿ ಜಾಗ ಎಣಿಸುವುದನ್ನು ಬಿಟ್ಟು ಪಟ್ಟಿಯನ್ನು ಕೋಷ್ಟಕವಾಗಿ ಬರೆಯಿಸಿದೆ. ಸಾಲುಗಳನ್ನು ಜೋಡಿಸುವ ಹೊಣೆಯನ್ನು ಈಗ ಬ್ರೌಸರೇ ಹೊತ್ತಿದೆ.

ಮೂರಕ್ಕೂ ಕೀಲಿಮಣೆಯಿರುವ ಗಣಕ ಬೇಕು. ಮೊಬೈಲಿನಲ್ಲಿ ಪಾಠ ನೋಡಬಹುದೇ ಹೊರತು ಅಭ್ಯಾಸ ಮಾಡಲಾಗದು. ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿಯೊಬ್ಬರು ಎಲ್ಲಿಂದ ಆರಂಭಿಸಲಿ ಎಂದು ಕೇಳಿದಾಗ, ಮೂರು ವಾರ ಸ್ಪೋಕನ್ ಟ್ಯುಟೋರಿಯಲ್‌ನ ಸಿ ಪಾಠಗಳನ್ನು ಕನ್ನಡದಲ್ಲಿ ಮುಗಿಸಿ ನೇರವಾಗಿ ಸಿಎಸ್50ಕ್ಕೆ ಹೋಗಿ ಎಂದಿದ್ದೇನೆ. ಬೇಸಿಗೆ ರಜೆಯಲ್ಲಿ ಅವರು ಸಿಎಸ್50ಯನ್ನು ಶುರು ಮಾಡಲಿದ್ದಾರೆ.